ಹೆಸರಿಲ್ಲದ ಗೆರೆ, ಅಳಿಸಿದ ಸುರುಳಿ: ಹಳೆಯ ಕಾಮಿಕ್ಸ್ ಮತ್ತು ಮರೆತ ಟೆಲಿವಿಷನ್ನಿನ ಅಭಿಮಾನಿಗಳು ಕಟ್ಟಿದ ತಿಳಿವಳಿಕೆ

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಕೆಲವು ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಹನ್ನೆರಡನೆಯ ಶತಮಾನದಲ್ಲಿ ತಾವು ಕಡೆದ ಮೂರ್ತಿಯ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದರು. ಯಾವ ಶಿಲ್ಪ ಯಾರ ಕೈಯದು ಎಂದು ಕೇಳುವ ಅಧ್ಯಯನಕಾರನಿಗೆ ಅಲ್ಲಿ ಕಲ್ಲೇ ಒಂದಿಷ್ಟು ಉತ್ತರ ಕೊಡುತ್ತದೆ. ಅದಾಗಿ ಎಂಟುನೂರು ವರ್ಷಗಳ ಬಳಿಕ, ಮುದ್ರಣಯಂತ್ರವೂ ಹಕ್ಕುಸ್ವಾಮ್ಯದ ಕಾನೂನೂ ಚೆನ್ನಾಗಿ ಬೇರೂರಿದ್ದ ಕಾಲದಲ್ಲಿ, ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾಗುತ್ತಿದ್ದ ಅಮೆರಿಕದ ಅನೇಕ ಕಾಮಿಕ್ ಪುಸ್ತಕಗಳಲ್ಲಿ ಅವುಗಳ ಚಿತ್ರಕಾರನ ಹೆಸರು ಎಲ್ಲಿಯೂ ಕಾಣುತ್ತಿರಲಿಲ್ಲ. ಅದೇ ದಶಕಗಳಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆ ತಾನೇ ನಿರ್ಮಿಸಿದ ಕಾರ್ಯಕ್ರಮಗಳ ಟೇಪುಗಳನ್ನು ಅಳಿಸಿ, ಅವುಗಳ ಮೇಲೆ ಬೇರೆ ಕಾರ್ಯಕ್ರಮಗಳನ್ನು ದಾಖಲಿಸುತ್ತಿತ್ತು.

ಒಂದೆಡೆ ಕರ್ತೃವಿನ ಹೆಸರು ಇಲ್ಲವಾಯಿತು, ಇನ್ನೊಂದೆಡೆ ಕೃತಿಯೇ ಇಲ್ಲವಾಯಿತು. ಈ ಎರಡು ನಷ್ಟಗಳನ್ನೂ ಒಂದು ಮಟ್ಟಿಗೆ ತುಂಬಿಕೊಟ್ಟವರು ವಿಶ್ವವಿದ್ಯಾಲಯಗಳ ಸಂಶೋಧಕರಾಗಿರಲಿಲ್ಲ, ಆ ಸಂಸ್ಥೆಗಳ ದಾಖಲೆಪಾಲಕರೂ ಆಗಿರಲಿಲ್ಲ. ಅವರು ಸಾಮಾನ್ಯ ಓದುಗರು ಮತ್ತು ನೋಡುಗರು. ಹತ್ತು ಸೆಂಟಿನ ಪುಸ್ತಕವನ್ನು ಮತ್ತೆ ಮತ್ತೆ ಓದಿದವರು, ಶನಿವಾರ ಸಂಜೆಯ ಧಾರಾವಾಹಿಯನ್ನು ತಪ್ಪದೆ ನೋಡಿದವರು. ಅವರ ಮೆಚ್ಚುಗೆ ಯಾವ ಹಂತದಲ್ಲಿ, ಯಾವ ವಿಧಾನದಿಂದ ವಿದ್ವತ್ತಿನ ಕೆಲಸವಾಗಿ ಮಾರ್ಪಟ್ಟಿತು, ಎಲ್ಲಿ ಅದು ಸೋತಿತು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಕೊನೆಯ ಭಾಗದಲ್ಲಿ ಇದೇ ದೃಷ್ಟಿಯಿಂದ ಕನ್ನಡಕ್ಕೆ ಸಂಬಂಧಿಸಿದ ಎರಡು ನಿದರ್ಶನಗಳನ್ನು ಗಮನಿಸಲಾಗಿದೆ.

ಅಭಿಮಾನಿ, ರಸಿಕ, ಸಹೃದಯ

ಕನ್ನಡದಲ್ಲಿ ಅಭಿಮಾನಿ ಎಂದೊಡನೆ ಸಿನಿಮಾ ನಟರ ಸುತ್ತ ಸೇರುವ ಜನಸಾಗರ ಕಣ್ಣಮುಂದೆ ಬರುತ್ತದೆ. ಆ ಅರ್ಥದಲ್ಲಿ ಅಭಿಮಾನ ವ್ಯಕ್ತಿನಿಷ್ಠವಾದ, ಪ್ರಕಟವಾದ, ಸಾಮೂಹಿಕವಾದ ಪ್ರೀತಿ. ರಸಿಕ ಎಂಬ ಪದ ಸವಿಯುವವನನ್ನು ಹೇಳುತ್ತದೆ. ನಮ್ಮ ಕಾವ್ಯಮೀಮಾಂಸೆಯ ಸಹೃದಯ ಎಂಬ ಪರಿಕಲ್ಪನೆ ಇವೆರಡಕ್ಕಿಂತ ಹೆಚ್ಚು ಕಟ್ಟುನಿಟ್ಟಾದದ್ದು. ಅಭಿನವಗುಪ್ತನ ವಿವರಣೆಯಂತೆ ಕಾವ್ಯದ ನಿರಂತರ ಪರಿಶೀಲನೆಯಿಂದ ಮನಸ್ಸು ಕನ್ನಡಿಯಂತೆ ತಿಳಿಯಾದವನು ಸಹೃದಯ. ಅಂದರೆ ಸಹೃದಯತೆ ಹುಟ್ಟಿನಿಂದ ಬಂದ ವರವಾಗದೆ ಅಭ್ಯಾಸದ ಫಲವಾಗುತ್ತದೆ.

ಹಳೆಯ ಕಾಮಿಕ್ಸ್ ಮತ್ತು ಟೆಲಿವಿಷನ್ನಿನ ಅಭಿಮಾನಿಯಲ್ಲಿ ಈ ಮೂರೂ ಗುಣಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ. ಆದರೆ ಮೀಮಾಂಸಕರು ಸಹೃದಯನಿಂದ ನಿರೀಕ್ಷಿಸದ ಇನ್ನೊಂದು ಗುಣವೂ ಅವನಲ್ಲಿದೆ. ಅವನು ಪಟ್ಟಿ ಮಾಡುತ್ತಾನೆ. ಸಂಚಿಕೆಯ ಸಂಖ್ಯೆ, ತಿಂಗಳು, ಪುಟಗಳ ಎಣಿಕೆ, ಪ್ರಸಾರದ ದಿನ, ತನ್ನ ಬಳಿ ಇರುವುದು, ಇಲ್ಲದಿರುವುದು ಎಲ್ಲವನ್ನೂ ಬರೆದಿಡುತ್ತಾನೆ. ಹೊರಗಿನವರಿಗೆ ಇದು ಹುಚ್ಚಿನಂತೆ ಕಾಣಬಹುದು. ಆದರೆ ಮತ್ತೆ ಮತ್ತೆ ನೋಡುವ ಕಣ್ಣು, ತಪ್ಪದೆ ಬರೆದಿಡುವ ಕೈ, ಇವೆರಡೂ ಒಬ್ಬನಲ್ಲೇ ಕೂಡಿದಾಗ ಮೆಚ್ಚುಗೆಯಿಂದ ಪುರಾವೆ ಹುಟ್ಟುತ್ತದೆ.

ಹೆಸರಿಲ್ಲದ ಬಾತುಕೋಳಿ ಚಿತ್ರಕಾರ

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಕಾರ್ಲ್ ಬಾರ್ಕ್ಸ್. 1901ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಹುಟ್ಟಿದ ಬಾರ್ಕ್ಸ್ 1935ರಿಂದ 1942ರವರೆಗೆ ವಾಲ್ಟ್ ಡಿಸ್ನಿಯ ಸ್ಟುಡಿಯೋದಲ್ಲಿ ದುಡಿದರು. ಅಲ್ಲಿಂದ ಹೊರಬಂದ ಮೇಲೆ, 1943ರಿಂದ ಡಿಸ್ನಿ ಪಾತ್ರಗಳ ಕಾಮಿಕ್ ಪುಸ್ತಕಗಳಿಗಾಗಿ ಡೊನಾಲ್ಡ್ ಡಕ್‌ನ ಹತ್ತು ಪುಟಗಳ ಕಥೆಗಳನ್ನು ಪ್ರತಿ ತಿಂಗಳೂ ಬರೆದು ಚಿತ್ರಿಸತೊಡಗಿದರು. 1947ರ ಡಿಸೆಂಬರ್‌ನಲ್ಲಿ ಜಿಪುಣ ಶ್ರೀಮಂತ ಚಿಕ್ಕಪ್ಪ ಸ್ಕ್ರೂಜ್ ಮೆಕ್‌ಡಕ್‌ನನ್ನು ಅವರೇ ಸೃಷ್ಟಿಸಿದರು. 1990ರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ 'ಡಕ್‌ಟೇಲ್ಸ್' ಸರಣಿಯನ್ನು ನೋಡಿದವರಿಗೆ ಈ ಪಾತ್ರದ ಪರಿಚಯವಿದ್ದೇ ಇರುತ್ತದೆ; ಆ ಸರಣಿಯ ಲೋಕದ ಬಹುಭಾಗ ಬಾರ್ಕ್ಸ್ ಕಟ್ಟಿದ್ದು.

ಆದರೆ ಪುಸ್ತಕಗಳ ಮೇಲೆ ಇರುತ್ತಿದ್ದ ಹೆಸರು ವಾಲ್ಟ್ ಡಿಸ್ನಿಯದು ಮಾತ್ರ. ಚಿತ್ರಕಾರನಿಗೆ ಪುಟಕ್ಕೆ ಇಂತಿಷ್ಟು ಎಂದು ಕೂಲಿ ಸಿಗುತ್ತಿತ್ತು, ಸಹಿ ಹಾಕುವಂತಿರಲಿಲ್ಲ. ಒಂದೇ ಸಂಚಿಕೆಯಲ್ಲಿ ಹಲವು ಕೈಗಳ ಕಥೆಗಳಿರುತ್ತಿದ್ದವು, ಎಲ್ಲವೂ ಒಂದೇ ಹೆಸರಿನ ಅಡಿಯಲ್ಲಿ. ಹೀಗಿದ್ದೂ, ದೇಶದ ಬೇರೆ ಬೇರೆ ಊರುಗಳಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದ ಮಕ್ಕಳು ಇವುಗಳಲ್ಲಿ ಕೆಲವು ಕಥೆಗಳು ಮಾತ್ರ ಒಬ್ಬನೇ ವ್ಯಕ್ತಿಯವು, ಆ ವ್ಯಕ್ತಿ ಉಳಿದವರಿಗಿಂತ ಉತ್ತಮ ಎಂದು ಕಂಡುಕೊಂಡಿದ್ದರು. ಹೆಸರು ಗೊತ್ತಿಲ್ಲದ್ದರಿಂದ 'ಒಳ್ಳೆಯ ಬಾತುಕೋಳಿ ಚಿತ್ರಕಾರ' ಎಂದೇ ಅವನನ್ನು ಕರೆಯುತ್ತಿದ್ದರು.

ಅವರು ಗುರುತಿಸಿದ್ದೇನು? ಬಾರ್ಕ್ಸ್ ಚಿತ್ರಿಸಿದ ಬಾತುಕೋಳಿಯ ಭಾವ ಮುಖದಲ್ಲಷ್ಟೇ ಇರುವುದಿಲ್ಲ, ಬಾಗಿದ ಬೆನ್ನಿನಲ್ಲಿ, ಇಳಿಬಿದ್ದ ತೋಳಿನಲ್ಲಿ, ನಿಂತ ನಿಲುವಿನಲ್ಲಿ ಇರುತ್ತದೆ. ದೂರದೇಶದ ಕಥೆಯಾದರೆ ಅಲ್ಲಿನ ಬೆಟ್ಟ, ಹಡಗು, ಪಾಳುಗುಡಿಗಳು ನಂಬುವಂತಿರುತ್ತವೆ. ಅದಕ್ಕಾಗಿ ಅವರು 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಸಂಚಿಕೆಗಳನ್ನು ಎದುರಿಗಿಟ್ಟುಕೊಂಡು ಚಿತ್ರಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಮತ್ತು ಚಿತ್ರ ಒಂದೇ ಮನಸ್ಸಿನಿಂದ ಬಂದಿವೆ ಎಂಬುದು ಓದುಗನಿಗೆ ತಿಳಿಯುತ್ತದೆ. ಮಾತು ಹೇಳಿದ್ದನ್ನೇ ಚಿತ್ರ ಮತ್ತೊಮ್ಮೆ ಹೇಳುವುದಿಲ್ಲ. ನಗೆಯ ಅರ್ಧ ಭಾಗ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ.

1960ರಲ್ಲಿ ಜಾನ್ ಸ್ಪೈಸರ್ ಎಂಬ ಓದುಗ ಹೇಗೋ ಹೆಸರು, ವಿಳಾಸ ಪತ್ತೆಮಾಡಿ ಬರೆದ ಪತ್ರ ಬಾರ್ಕ್ಸ್ ಅವರ ಕೈಸೇರಿತು. ಆ ವೇಳೆಗೆ ಅವರಿಗೆ 59 ವರ್ಷ. ಈ ಕೆಲಸ ಹಿಡಿದು 17 ವರ್ಷ. ತಮ್ಮ ಕೆಲಸವನ್ನು ಅಪರಿಚಿತರು ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾರೆ ಎಂದು ನಂಬಲಾಗದೆ, ಪರಿಚಿತರು ಯಾರೋ ಮಾಡಿದ ಕೀಟಲೆ ಇರಬೇಕೆಂದು ಅವರು ಮೊದಲು ಶಂಕಿಸಿದರು. ಮುಂದಿನ ನಾಲ್ಕು ದಶಕಗಳಲ್ಲಿ ಸಂದರ್ಶನಗಳು ಬಂದವು, ಕೃತಿಸೂಚಿಗಳು ಬಂದವು, 1980ರ ದಶಕದಲ್ಲಿ 30 ಸಂಪುಟಗಳ ಸಮಗ್ರ ಆವೃತ್ತಿಯೊಂದು ಹೊರಬರತೊಡಗಿತು. 2000ದ ಆಗಸ್ಟ್‌ನಲ್ಲಿ ಬಾರ್ಕ್ಸ್ ತೀರಿಕೊಂಡಾಗ ಅವರು ಅನಾಮಿಕರಾಗಿರಲಿಲ್ಲ.

ಕೈಯನ್ನು ಗುರುತಿಸುವ ವಿಧಾನ

ಕಲಾಚರಿತ್ರೆಯನ್ನು ಬಲ್ಲವರಿಗೆ ಈ ವಿಧಾನ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಇಟಲಿಯ ವಿಮರ್ಶಕ ಜಿಯೊವಾನಿ ಮೊರೆಲ್ಲಿ, ಸಹಿಯಿಲ್ಲದ ಚಿತ್ರದ ಕರ್ತೃವನ್ನು ಕಂಡುಹಿಡಿಯಲು ಕಿವಿಯ ಹಾಲೆ, ಬೆರಳಿನ ಉಗುರು ಮುಂತಾದ ಸಣ್ಣ ಭಾಗಗಳನ್ನು ನೋಡಬೇಕೆಂದು ವಾದಿಸಿದ. ಚಿತ್ರದ ಮುಖ್ಯ ಭಾಗಗಳಲ್ಲಿ ಕಲಾವಿದ ಎಚ್ಚರದಿಂದಿರುತ್ತಾನೆ, ಗುರುವನ್ನೂ ಪ್ರಚಲಿತ ಶೈಲಿಯನ್ನೂ ಅನುಸರಿಸುತ್ತಾನೆ; ಅಮುಖ್ಯವೆನಿಸುವ ಭಾಗಗಳಲ್ಲಿ ಅವನ ಕೈಯ ರೂಢಿ ತಾನಾಗಿ ಹೊರಬೀಳುತ್ತದೆ ಎಂಬುದು ಅವನ ತರ್ಕ. ಲಿಪಿಶಾಸ್ತ್ರಜ್ಞರು ಅಕ್ಷರದ ತಲೆಕಟ್ಟು, ಒತ್ತುಗಳ ತಿರುವು ನೋಡಿ ಶಾಸನದ ಕಾಲವನ್ನು ಊಹಿಸುವುದೂ ಇದೇ ಬಗೆಯ ಕೆಲಸ.

ಕಾಮಿಕ್ಸ್‌ನಲ್ಲಿ ಈ ಕೆಲಸ ಇನ್ನಷ್ಟು ಜಟಿಲ. ಒಂದು ಪುಟದಲ್ಲಿ ಅನೇಕರ ಕೈಯಿರುತ್ತದೆ. ಒಬ್ಬರು ಪೆನ್ಸಿಲಿನಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಅದರ ಮೇಲೆ ಮಸಿ ತಿದ್ದುತ್ತಾರೆ, ಮತ್ತೊಬ್ಬರು ಅಕ್ಷರ ಬರೆಯುತ್ತಾರೆ, ಬಣ್ಣ ಗೊತ್ತುಮಾಡುವವರು ಬೇರೆ. ಬಾರ್ಕ್ಸ್ ಅವರ ಪುಟಗಳಲ್ಲಿಯೂ 1950ರ ದಶಕದಿಂದ ಅಕ್ಷರಗಳನ್ನು ಬರೆಯಲು, ಕಪ್ಪು ಭಾಗಗಳನ್ನು ತುಂಬಲು ನೆರವಾದವರು ಚಿತ್ರಕಲಾವಿದೆಯಾಗಿದ್ದ ಅವರ ಪತ್ನಿ ಗಾರೆ. ಹೀಗಾಗಿ ನುರಿತ ಅಭಿಮಾನಿಯ ಪ್ರಶ್ನೆ 'ಇದು ಯಾರ ಚಿತ್ರ' ಎಂಬಲ್ಲಿಗೆ ನಿಲ್ಲುವುದಿಲ್ಲ. ಯಾವ ಗೆರೆ ಯಾರದು ಎಂದು ಅವನು ಬಿಡಿಸಿ ಕೇಳುತ್ತಾನೆ.

ಬಿಡಿಬಿಡಿಯಾಗಿದ್ದ ಈ ತಿಳಿವಳಿಕೆಗೆ ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಜೆರ‍್ರಿ ಬೇಲ್ಸ್ ಪ್ರಮುಖರು. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಅಧ್ಯಾಪಕರಾಗಿದ್ದ ಅವರು 1961ರಲ್ಲಿ 'ಆಲ್ಟರ್ ಈಗೊ' ಎಂಬ ಅಭಿಮಾನಿ ಪತ್ರಿಕೆಯನ್ನು ಆರಂಭಿಸಿದರು. ಹೇಮ್ಸ್ ವೇರ್ ಅವರೊಡಗೂಡಿ 1973ರಿಂದ 1976ರ ನಡುವೆ ಅಮೆರಿಕದ ಕಾಮಿಕ್ಸ್ ಬರಹಗಾರರು, ಚಿತ್ರಕಾರರ ಪರಿಚಯಕೋಶವನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ವೃದ್ಧ ಕಲಾವಿದರಿಗೆ ಪತ್ರ ಬರೆದು ಕೇಳುವುದು, ಅವರ ನೆನಪನ್ನು ಮುದ್ರಿತ ಪುಟದ ಶೈಲಿಯೊಂದಿಗೆ ತಾಳೆ ನೋಡುವುದು, ಎರಡೂ ಒಪ್ಪಿದಾಗ ಮಾತ್ರ ಖಚಿತವೆಂದು ಬರೆಯುವುದು ಈ ಕ್ಷೇತ್ರದ ಉತ್ತಮ ಕೆಲಸದ ಕ್ರಮ. 1994ರಲ್ಲಿ ಆರಂಭವಾದ 'ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್' ಎಂಬ ಸ್ವಯಂಸೇವಕರ ಸೂಚಿಯಲ್ಲಿ ಅನುಮಾನವಿರುವ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುವ ಪದ್ಧತಿಯಿದೆ. ಆ ಚಿಕ್ಕ ಚಿಹ್ನೆಯಲ್ಲಿ ಒಂದು ಶಾಸ್ತ್ರದ ಶಿಸ್ತಿದೆ.

ಟೇಪುಗಳನ್ನು ಏಕೆ ಅಳಿಸಿದರು

ಕಾಮಿಕ್ ಪುಸ್ತಕವನ್ನು ರದ್ದಿಗೆ ಹಾಕಿದರೂ ಎಲ್ಲೋ ಒಂದು ಪ್ರತಿ ಉಳಿಯುವ ಸಂಭವವಿದೆ. ಟೆಲಿವಿಷನ್ನಿನ ಸ್ಥಿತಿ ಬೇರೆ. ಆರಂಭದ ದಿನಗಳಲ್ಲಿ ಅದು ರಂಗಭೂಮಿಯಂತೆ ನೇರ ಪ್ರದರ್ಶನ. 1953ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಎಂಬ ಪ್ರಸಿದ್ಧ ವೈಜ್ಞಾನಿಕ ಕಥಾನಕದ ಆರು ಕಂತುಗಳಲ್ಲಿ ಮೊದಲ ಎರಡನ್ನು ಮಾತ್ರ ಫಿಲ್ಮಿಗೆ ಇಳಿಸಲಾಯಿತು. ಉಳಿದ ನಾಲ್ಕು ಆ ಸಂಜೆಗಳೊಡನೆಯೇ ಮುಗಿದುಹೋದವು.

ಆಮೇಲೆ ವಿಡಿಯೊಟೇಪು ಬಂದಿತಾದರೂ ಅದು ತುಂಬ ದುಬಾರಿಯಾಗಿತ್ತು, ಅಳಿಸಿ ಮತ್ತೆ ಬಳಸುವಂತೆಯೂ ಇತ್ತು. ನಟರ ಸಂಘದೊಡನೆ ಮಾಡಿಕೊಂಡ ಒಪ್ಪಂದಗಳು ಮರುಪ್ರಸಾರಕ್ಕೆ ಮಿತಿ ಹಾಕಿದ್ದವು. ಮತ್ತೆ ತೋರಿಸಲಾಗದ ಟೇಪನ್ನು ಇಟ್ಟುಕೊಂಡು ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾಗಿತ್ತು. 1960ರ ದಶಕದ ಕೊನೆಗೆ ಬಣ್ಣದ ಪ್ರಸಾರ ಆರಂಭವಾದಾಗ ಕಪ್ಪುಬಿಳುಪಿನ ಕಾರ್ಯಕ್ರಮಗಳಿಗೆ ಮಾರುಕಟ್ಟೆಯೂ ಇಲ್ಲವಾಯಿತು. ವಿದೇಶಗಳಿಗೆ ಮಾರಲೆಂದು, ಪರದೆಯ ಮುಂದೆ ಕ್ಯಾಮೆರಾ ಇಟ್ಟು ಕಾರ್ಯಕ್ರಮಗಳನ್ನು ಫಿಲ್ಮಿಗೆ ಇಳಿಸುತ್ತಿದ್ದ ವಿಭಾಗ, ಮಾರಾಟದ ಹಕ್ಕು ಮುಗಿದ ಮೇಲೆ ತನ್ನ ಪ್ರತಿಗಳನ್ನು ನಾಶಮಾಡುತ್ತಿತ್ತು. ಟೇಪನ್ನು ಅಳಿಸಿದವರು ಫಿಲ್ಮು ಇದೆ ಎಂದುಕೊಂಡರು, ಫಿಲ್ಮನ್ನು ಸುಟ್ಟವರು ಟೇಪು ಇದೆ ಎಂದುಕೊಂಡರು. ಇದರಲ್ಲಿ ದುರುದ್ದೇಶ ಯಾರದೂ ಇರಲಿಲ್ಲ. ಪ್ರತಿಯೊಂದು ವಿಭಾಗವೂ ತನ್ನ ನಿಯಮದಂತೆ ನಡೆದುಕೊಂಡಿತು. ಒಟ್ಟಾರೆ ಪರಿಣಾಮಕ್ಕೆ ಮಾತ್ರ ಯಾರೂ ಹೊಣೆಗಾರರಾಗಲಿಲ್ಲ. 1978ರ ಸುಮಾರಿಗೆ ಈ ನೀತಿ ಬದಲಾಗುವ ವೇಳೆಗೆ ಬಹಳಷ್ಟು ಹೋಗಿಯಾಗಿತ್ತು. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ರಾತ್ರಿ ಬಿಬಿಸಿ ತನ್ನ ಸ್ಟುಡಿಯೋದಿಂದ ಮಾಡಿದ ಪ್ರಸಾರವೂ ಹೀಗೆ ಕಳೆದುಹೋದವುಗಳಲ್ಲಿ ಸೇರಿದೆ.

ಧ್ವನಿಯನ್ನು ಹಿಡಿದಿಟ್ಟವರು

1963ರ ನವೆಂಬರ್ 23ರಂದು ಆರಂಭವಾದ 'ಡಾಕ್ಟರ್ ಹೂ' ಧಾರಾವಾಹಿಯ ಮೊದಲ ಆರು ವರ್ಷಗಳಲ್ಲಿ 253 ಕಂತುಗಳು ಪ್ರಸಾರವಾದವು. ಅವುಗಳಲ್ಲಿ ನೂರಕ್ಕೂ ಹೆಚ್ಚು ಕಂತುಗಳ ದೃಶ್ಯ ಬಿಬಿಸಿಯ ಬಳಿ ಉಳಿಯಲಿಲ್ಲ. ಆದರೆ ಎಲ್ಲ ಕಂತುಗಳ ಧ್ವನಿಯೂ ಉಳಿದಿದೆ. ಮನೆಯಲ್ಲಿ ವಿಡಿಯೊ ಯಂತ್ರವೆಂಬುದೇ ಇಲ್ಲದ ಕಾಲದಲ್ಲಿ, ಕೆಲವು ಹುಡುಗರು ಟೆಲಿವಿಷನ್ ಪೆಟ್ಟಿಗೆಯ ಸ್ಪೀಕರಿನ ಎದುರು ಮೈಕ್ ಹಿಡಿದು, ಸುರುಳಿಟೇಪಿನ ಯಂತ್ರದಲ್ಲಿ ಕಂತುಗಳನ್ನು ದಾಖಲಿಸಿಕೊಂಡಿದ್ದರು. ಮತ್ತೊಮ್ಮೆ ಕೇಳಬೇಕೆಂಬ ಆಸೆಯೊಂದೇ ಅದಕ್ಕೆ ಕಾರಣ.

ಇನ್ನೊಂದು ಬಗೆಯ ದಾಖಲೆ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕನದು. 1940ರ ದಶಕದ ಉತ್ತರಾರ್ಧದಿಂದ 1960ರ ದಶಕದ ಕೊನೆಯವರೆಗೆ ಆತ ತನ್ನ ಮನೆಯ ಟೆಲಿವಿಷನ್ ಪರದೆಯ ಫೋಟೊಗಳನ್ನು ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದ. ಅವನದು ಜೀವನೋಪಾಯ, ಅಭಿಮಾನವಲ್ಲ. ಆದರೆ ಒಂದೊಂದು ಕಂತಿಗೆ ಸುಮಾರು 60ರಿಂದ 80 ಚಿತ್ರಗಳಿರುವ ಅವನ ಸಂಗ್ರಹ ಹುಡುಗರ ಧ್ವನಿಮುದ್ರಿಕೆಗಳೊಂದಿಗೆ ಸೇರಿದಾಗ, ನಾಶವಾದ ಕಂತು ಹೇಗಿತ್ತು ಎಂದು ತಿಳಿಯುವುದು ಸಾಧ್ಯವಾಯಿತು. 1966ರಲ್ಲಿ ಪ್ರಸಾರವಾಗಿ ಪೂರ್ತಿ ಕಳೆದುಹೋಗಿದ್ದ 'ದ ಪವರ್ ಆಫ್ ದ ಡಾಲೆಕ್ಸ್' ಎಂಬ ಕಥೆಯನ್ನು 50 ವರ್ಷಗಳ ನಂತರ, 2016ರಲ್ಲಿ, ಉಳಿದ ಧ್ವನಿಗೆ ಹೊಸ ಚಲನಚಿತ್ರ ಬರೆದು ಮತ್ತೆ ಜನರ ಮುಂದಿಡಲಾಯಿತು. 2013ರಲ್ಲಿ ನೈಜೀರಿಯದ ಜೋಸ್ ನಗರದ ಟೆಲಿವಿಷನ್ ಕೇಂದ್ರದಲ್ಲಿ ಸಿಕ್ಕಿದ್ದೆಂದು ಪ್ರಕಟಿಸಲಾದ ಫಿಲ್ಮುಗಳಿಂದ ಒಂಬತ್ತು ಕಂತುಗಳು ಮರಳಿ ಬಂದವು. ಆ ಬಳಿಕ ಕಳೆದುಹೋದವುಗಳ ಸಂಖ್ಯೆ 97ಕ್ಕೆ ಇಳಿಯಿತು. ಯಾವ ದೇಶಕ್ಕೆ ಯಾವ ಪ್ರತಿ ಹೋಗಿತ್ತು, ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಎಂದು ಅಭಿಮಾನಿಗಳು ವರ್ಷಗಟ್ಟಲೆ ಬರೆದಿಟ್ಟ ಪಟ್ಟಿಗಳು ಇಂಥ ಹುಡುಕಾಟಗಳಿಗೆ ದಾರಿ ತೋರಿಸುತ್ತವೆ.

ಚುಕ್ಕೆಗಳು

ಹಳೆಯ ಕಾಮಿಕ್ಸ್ ಮತ್ತು ಹಳೆಯ ಟೆಲಿವಿಷನ್ ಎರಡರಲ್ಲೂ ಬಣ್ಣದ ಗುಟ್ಟು ಚುಕ್ಕೆಗಳಲ್ಲಿದೆ. ಅಗ್ಗದ ಸುದ್ದಿಕಾಗದದ ಮೇಲೆ ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕೇ ಮಸಿಗಳಿಂದ, ಅವುಗಳ ಚುಕ್ಕೆಗಳನ್ನು ಬೆರೆಸಿ, ಕಾಮಿಕ್ಸ್‌ನ ಇಡೀ ವರ್ಣಲೋಕ ಮೂಡುತ್ತಿತ್ತು. ಕಾಗದ ಮಸಿಯನ್ನು ಹೀರಿಕೊಂಡು ಬಣ್ಣ ತುಸು ಮಂಕಾಗುತ್ತಿತ್ತು. ಬಣ್ಣ ಗೊತ್ತುಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿದೇ ಕೆಲಸ ಮಾಡುತ್ತಿದ್ದರು. ಅದೇ ಬಣ್ಣಗಳನ್ನು ಇಂದು ಹೊಳಪುಕಾಗದದ ಮೇಲೆ ಮರುಮುದ್ರಿಸಿದರೆ ಕಣ್ಣು ಕುಕ್ಕುತ್ತವೆ. ಹಳೆಯ ಪ್ರತಿಯೇ ಬೇಕೆಂದು ಅಭಿಮಾನಿ ಹಟ ಹಿಡಿಯುವುದರ ಹಿಂದೆ ಗತಕಾಲದ ಹಂಬಲ ಇರಬಹುದಾದರೂ, ಕೃತಿ ಯಾವ ಕಾಗದಕ್ಕಾಗಿ ರಚಿತವಾಯಿತೋ ಆ ಕಾಗದದ ಮೇಲೆಯೇ ಅದನ್ನು ನೋಡಬೇಕೆಂಬ ಪಾಠಶುದ್ಧಿಯ ವಿವೇಕವೂ ಇದೆ.

ಟೆಲಿವಿಷನ್ನಿನ ಚುಕ್ಕೆಗಳ ಕಥೆ ಇನ್ನೂ ವಿಸ್ಮಯಕರ. 'ಡ್ಯಾಡ್ಸ್ ಆರ್ಮಿ' ಎಂಬ ಹಾಸ್ಯ ಧಾರಾವಾಹಿಯ 'ರೂಮ್ ಅಟ್ ದ ಬಾಟಮ್' ಕಂತು 1969ರಲ್ಲಿ ಬಣ್ಣದಲ್ಲಿ ತಯಾರಾಗಿದ್ದರೂ ಅದರ ಕಪ್ಪುಬಿಳುಪು ಫಿಲ್ಮು ಮಾತ್ರ ಉಳಿದಿತ್ತು. ಫಿಲ್ಮಿಗೆ ಇಳಿಸುವಾಗ ಬಣ್ಣದ ಸಂಕೇತವನ್ನು ಸೋಸಿ ತೆಗೆಯಬೇಕಾಗಿತ್ತು. ಆ ಸೋಸುವಿಕೆ ಆಗದಿದ್ದಲ್ಲಿ ಸಂಕೇತವು ಚಿತ್ರದ ಮೇಲೆ ಅತಿ ಸೂಕ್ಷ್ಮ ಚುಕ್ಕೆಗಳ ವಿನ್ಯಾಸವಾಗಿ ಅಚ್ಚಾಗುತ್ತಿತ್ತು. ಬಹುಕಾಲ ಅದು ಚಿತ್ರದ ದೋಷವೆಂದೇ ಪರಿಗಣಿತವಾಗಿತ್ತು. ಹವ್ಯಾಸಿಗಳೂ ತಂತ್ರಜ್ಞರೂ ಕೂಡಿದ ಚಿಕ್ಕ ಗುಂಪೊಂದು ಆ ಚುಕ್ಕೆಗಳನ್ನು ಕಂಪ್ಯೂಟರಿನಿಂದ ಓದಿ ಮೂಲ ಬಣ್ಣವನ್ನು ಮರಳಿ ಪಡೆಯುವ ವಿಧಾನವನ್ನು ರೂಪಿಸಿತು. 2008ರ ಡಿಸೆಂಬರ್‌ನಲ್ಲಿ ಆ ಕಂತು ಮತ್ತೆ ಬಣ್ಣದಲ್ಲಿ ಪ್ರಸಾರವಾಯಿತು. ಶುದ್ಧ ಪ್ರತಿಯಲ್ಲಿ ಇಲ್ಲದ ಮಾಹಿತಿ ದೋಷಪೂರಿತ ಪ್ರತಿಯಲ್ಲಿತ್ತು. ಹಸ್ತಪ್ರತಿ ಸಂಪಾದಕರು ಇದನ್ನು ತಮ್ಮ ಅನುಭವದಿಂದಲೇ ಬಲ್ಲರು.

ಅಭಿಮಾನದ ಮಿತಿಗಳು

ಇಷ್ಟರಿಂದ ಅಭಿಮಾನಿಯೇ ಆದರ್ಶ ದಾಖಲೆಪಾಲಕ ಎಂದು ತೀರ್ಮಾನಿಸುವಂತಿಲ್ಲ. ಮೊದಲನೆಯದಾಗಿ, ಮೆಚ್ಚುಗೆಯ ಬೆನ್ನಿಗೆ ಮಾರುಕಟ್ಟೆ ಬರುತ್ತದೆ. 1938ರಲ್ಲಿ ಹತ್ತು ಸೆಂಟಿಗೆ ಮಾರಿದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಒಂದು ಪ್ರತಿ 2014ರಲ್ಲಿ 32 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹರಾಜಾಯಿತು. ಇಂಥ ಪ್ರತಿಗಳನ್ನು ಗುಣಮಟ್ಟದ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಡುವ ವಾಡಿಕೆ ಬಂದಿದೆ. ಆ ಪುಸ್ತಕವನ್ನು ಇನ್ನು ತೆರೆದು ಓದುವಂತಿಲ್ಲ. ಓದುವ ಪ್ರೀತಿಯಿಂದ ಆರಂಭವಾದದ್ದು ಓದಲಾಗದ ವಸ್ತುವಾಗಿ ಕೊನೆಗೊಂಡಿತು.

ಎರಡನೆಯ ಮಿತಿ ಇನ್ನೂ ಗಂಭೀರವಾದದ್ದು. ಅಭಿಮಾನ ಎಲ್ಲ ಕೃತಿಗಳಿಗೂ ಸಮನಾಗಿ ದೊರೆಯುವುದಿಲ್ಲ. 'ಡಾಕ್ಟರ್ ಹೂ'ವಿನ ಪ್ರತಿಯೊಂದು ಕಂತಿನ ಧ್ವನಿಯೂ ಉಳಿಯಿತು. ಅದೇ ವರ್ಷಗಳ ಎಷ್ಟೋ ಏಕಾಂಕ ನಾಟಕಗಳು, ಮಧ್ಯಾಹ್ನದ ಕಾರ್ಯಕ್ರಮಗಳು, ಪ್ರಾದೇಶಿಕ ಪ್ರಸಾರಗಳಿಗೆ ಆ ಭಾಗ್ಯ ಬರಲಿಲ್ಲ, ಏಕೆಂದರೆ ಅವುಗಳ ಎದುರು ಮೈಕ್ ಹಿಡಿದು ಕೂತ ಹುಡುಗ ಯಾರೂ ಇರಲಿಲ್ಲ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬ ಮಾಜಿ ಗ್ರಂಥಪಾಲಕಿ 2012ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಗಲಿರುಳು ಟೆಲಿವಿಷನ್ ಸುದ್ದಿಯನ್ನು ದಾಖಲಿಸಿ ಸುಮಾರು 70,000 ಟೇಪುಗಳನ್ನು ಬಿಟ್ಟುಹೋದರು. ಮೆಚ್ಚಿದ್ದನ್ನಷ್ಟೇ ಆರಿಸದೆ ಬಂದದ್ದನ್ನೆಲ್ಲ ಉಳಿಸಿದ್ದು ಅವರ ಸಂಗ್ರಹದ ವಿಶೇಷ. ಪ್ರೀತಿಗೆ ಈ ಬಗೆಯ ನಿಷ್ಪಕ್ಷಪಾತ ಸಾಧ್ಯವಿಲ್ಲ. ಚಿಕ್ಕ ಭಾಷೆಗಳನ್ನು, ಚದುರಿದ ಸಮುದಾಯಗಳನ್ನು ಅಧ್ಯಯನ ಮಾಡುವವರು ಇಲ್ಲಿ ವಿಶೇಷವಾಗಿ ಯೋಚಿಸಬೇಕಾಗುತ್ತದೆ. ನೋಡುಗರ ಸಂಖ್ಯೆ ಕಡಿಮೆಯಿದ್ದಲ್ಲಿ ಅಭಿಮಾನಿಗಳ ಸಂಖ್ಯೆಯೂ ಕಡಿಮೆ, ಉಳಿಯುವುದೂ ಕಡಿಮೆ.

ಅನುವಾದವೂ ಒಂದು ಕೈ

ಕೃತಿಯೊಂದು ಭಾಷೆಯ ಗಡಿ ದಾಟಿದಾಗ ಇನ್ನೊಂದು ಅನಾಮಿಕ ಕೈ ಅದರೊಳಗೆ ಸೇರುತ್ತದೆ. ಬಾರ್ಕ್ಸ್ ಅವರ ಕಥೆಗಳನ್ನು 1951ರಿಂದ ಜರ್ಮನ್ ಭಾಷೆಗೆ ತಂದವರು ಕಲಾಚರಿತ್ರೆಯಲ್ಲಿ ಡಾಕ್ಟರೇಟ್ ಪಡೆದಿದ್ದ ಎರಿಕಾ ಫುಕ್ಸ್. ಅವರು ಮಾತಿನ ಗುಳ್ಳೆಗಳಲ್ಲಿ ಜರ್ಮನ್ ಶ್ರೇಷ್ಠ ಕವಿಗಳ ಪ್ರತಿಧ್ವನಿಗಳನ್ನು ಅಡಗಿಸಿಟ್ಟರು. ತಾವು ವಾಸವಾಗಿದ್ದ ಬವೇರಿಯದ ಗಡಿಭಾಗದ ಹಳ್ಳಿ, ಬೆಟ್ಟಗಳ ಹೆಸರುಗಳನ್ನು ಬಾತುಕೋಳಿಗಳ ಊರಿನ ಸುತ್ತಮುತ್ತ ಹರಡಿದರು. ಕ್ರಿಯಾಪದದ ಧಾತುವನ್ನಷ್ಟೇ ಉಳಿಸಿ ಸದ್ದು, ಭಾವಗಳನ್ನು ಸೂಚಿಸುವ ಒಂದು ರೂಪವನ್ನು ಬಳಕೆಗೆ ತಂದರು. ಆ ರೂಪಕ್ಕೆ ಜರ್ಮನರು ಇಂದು ಅವರ ಹೆಸರನ್ನೇ ತಮಾಷೆಯಾಗಿ ಇಟ್ಟಿದ್ದಾರೆ. 1977ರಲ್ಲಿ ಅಲ್ಲಿ ಹುಟ್ಟಿದ ಡೊನಾಲ್ಡ್ ಅಭಿಮಾನಿಗಳ ಸಂಘದಲ್ಲಿ ಬಾರ್ಕ್ಸ್‌ರ ಚಿತ್ರಕ್ಕೆ ಇರುವಷ್ಟೇ ಗೌರವ ಫುಕ್ಸ್‌ರ ಮಾತಿಗೂ ಇದೆ. 2015ರಲ್ಲಿ ಅವರ ಊರಾದ ಶ್ವಾರ್ಟ್ಸೆನ್‌ಬಾಖ್‌ನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಕಾಮಿಕ್ಸ್ ಅನುವಾದಕಿಯೊಬ್ಬರಿಗೆ ದೊರೆತ ಈ ಮನ್ನಣೆಯನ್ನು ಮೊದಲು ಕೊಟ್ಟವರು ವಿಮರ್ಶಕರಲ್ಲ, ಅವರ ಭಾಷೆಯನ್ನು ಬಾಲ್ಯದಿಂದ ಓದಿ ಬಾಯಿಪಾಠ ಮಾಡಿದವರು.

ಹನ್ನೊಂದನೆಯ ಸಂಖ್ಯೆ

ಈಗ ಕನ್ನಡದ ಸಂಗತಿಗೆ ಬರಬಹುದು. 'ಅಮರ ಚಿತ್ರ ಕಥಾ' ಸರಣಿಯ ಜನಪ್ರಿಯ ಇತಿಹಾಸ ಕಾರ್ಕಳ ಮೂಲದ ಅನಂತ ಪೈ ಅವರಿಂದ ಆರಂಭವಾಗುತ್ತದೆ. 1967ರಲ್ಲಿ ದೆಹಲಿಯಲ್ಲಿ ಅವರು ನೋಡಿದ ಟೆಲಿವಿಷನ್ ರಸಪ್ರಶ್ನೆಯೊಂದರಲ್ಲಿ, ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದದ್ದೇ ಸರಣಿಗೆ ಪ್ರೇರಣೆ ಎಂಬುದು ಎಲ್ಲರೂ ಕೇಳಿರುವ ಕಥೆ. ಆದರೆ ಹಳೆಯ ಪ್ರತಿಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಲು ಹೊರಟ ಸಂಗ್ರಾಹಕ ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ. ಭಾರತೀಯ ಪುರಾಣಗಳ ಮಾಲಿಕೆಯನ್ನು ಆರಂಭಿಸಿದ, ರಾಮ್ ವಾಯಿರ್ಕರ್ ಚಿತ್ರಿಸಿದ 'ಕೃಷ್ಣ' ಸಂಚಿಕೆಯ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ?

ಆ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಿನ್ನರಕಥೆಗಳ ಅವತರಣಿಕೆಗಳು, ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟದ ಹೊಣೆ ಹೊತ್ತಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಇವು ಹೊರಬಂದವು. ಭಾರತದ ಬಹುದೊಡ್ಡ ಕಾಮಿಕ್ಸ್ ಸರಣಿಯ ಆರಂಭ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಆಗದೆ ಕನ್ನಡದಲ್ಲಿ ಆಯಿತು ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಮುಂದೆ ಸರಣಿಯ ಮರುಮುದ್ರಣಗಳಿಗೆ 501ರಿಂದ ಹೊಸ ಸಂಖ್ಯೆಗಳನ್ನು ಕೊಟ್ಟಾಗ 'ಕೃಷ್ಣ' 501 ಆಯಿತು. ಹೊಸ ಪ್ರತಿಯನ್ನು ಮಾತ್ರ ನೋಡಿದವರಿಗೆ ಮೊದಲ ಹತ್ತು ಎಲ್ಲಿ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಮೂಲ ಪ್ರತಿಯನ್ನು, ಅದರ ಸಂಖ್ಯೆಯ ಸಮೇತ ಇಟ್ಟುಕೊಂಡವನ ಹಟಕ್ಕೆ ಇರುವ ಬೆಲೆ ಇದು.

ಇನ್ನೊಂದು ನಿದರ್ಶನ ಗಡಿಗೆ ಇನ್ನೂ ಹತ್ತಿರದ್ದು. 1983ರಲ್ಲಿ ಮಲಯಾಳದ 'ಬಾಲಮಂಗಳಂ' ಪತ್ರಿಕೆಯಲ್ಲಿ ಎನ್. ಸೋಮಶೇಖರನ್ ಬರೆದು ಬೇಬಿ ಚಿತ್ರಿಸಿದ ಡಿಂಕನ್ ಎಂಬ ವೀರ ಇಲಿ, ಕನ್ನಡದ 'ಬಾಲಮಂಗಳ'ದಲ್ಲಿ ಡಿಂಗನಾಗಿ ಒಂದು ತಲೆಮಾರಿನ ಮಕ್ಕಳ ಮನಸ್ಸನ್ನು ಗೆದ್ದಿತು. ಎರಡೂ ಲಿಪಿಗಳನ್ನು ಓದಬಲ್ಲ ಕಾಸರಗೋಡಿನ ಓದುಗನಿಗೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯ. ಚಿತ್ರ ಒಂದೇ, ಮಾತು ಎರಡು. ಹೆಸರು ಹೇಗೆ ಬದಲಾಯಿತು, ನಗೆಮಾತು ಹೇಗೆ ದಾಟಿತು, ಯಾವ ಪ್ರದೇಶದ ಕನ್ನಡ ಆ ಗುಳ್ಳೆಗಳೊಳಗೆ ಸೇರಿತು, ಅನುವಾದಿಸಿದ ಕೈ ಯಾರದು ಎಂಬ ಪ್ರಶ್ನೆಗಳನ್ನು ಫುಕ್ಸ್‌ರ ಓದುಗರು ಜರ್ಮನ್ ಭಾಷೆಗೆ ಕೇಳಿದಂತೆಯೇ ಇಲ್ಲಿಯೂ ಕೇಳಬಹುದು. ಏಕಭಾಷಿಕ ಓದುಗನಿಗೆ ಈ ಪ್ರಶ್ನೆಗಳೇ ಹೊಳೆಯಲಾರವು. ಗಡಿನಾಡಿನ ದ್ವಿಭಾಷಿಕನಿಗೆ ಅವು ಸಹಜ.

ಸಮ್ಮೇಳನದ ಗೋಷ್ಠಿಗಳಲ್ಲಿ ಇವಕ್ಕೆ ಉತ್ತರ ಸಿಗುವ ಸಾಧ್ಯತೆ ಕಡಿಮೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಮೂಲೆ ಮುದುಡಿದ, ಮಗುವೊಂದು ತನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟ ಸಂಚಿಕೆಗಳಲ್ಲಿ ಉತ್ತರವಿರಬಹುದು. ಅಂಥ ಪ್ರತಿಯೊಂದು ಕೈಗೆ ಸಿಕ್ಕಾಗ ಸಂಖ್ಯೆ, ತಿಂಗಳು, ಬೆಲೆ, ಮುದ್ರಣಾಲಯ, ಚಿತ್ರದ ಮೂಲೆಯಲ್ಲಿರಬಹುದಾದ ಸಣ್ಣ ಸಹಿ, ಸಿಕ್ಕಿದ ಊರು ಇಷ್ಟನ್ನು ಬರೆದುಕೊಳ್ಳಲು ಐದು ನಿಮಿಷ ಸಾಕು. ಖಚಿತವಿಲ್ಲದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರಾಯಿತು. ಬಾರ್ಕ್ಸ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು ಇಷ್ಟೇ ಸಾಮಾನ್ಯವಾದ ಕೆಲಸದಿಂದ.